ಹನ್ನೆರಡು ಹತ್ತಕ್ಕ ಬಾಗಲಾ ತೆಗೆಯೋರು ಯಾರು?

ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕ ಕುಂತು ಟೈಪ್ ಮಾಡ್ಲಿಕತ್ತೀನಿ. ಮಾತಾಡಿದಂಗ ಬರೀತೀನಿ, ನಂಗ ಬ್ಯಾರೆ ಥರಾ ಬರಂಗಿಲ್ಲ.

ನಾ ಸಿಸಿಟಿವಿ ಕ್ಯಾಮೆರಾ ಹಾಕೋ ಹುಡುಗ. ಕೋರ್ಸ್ ಗೀರ್ಸ್ ಏನೂ ಮಾಡಿಲ್ಲ. ಮೊಬೈಲ್‌ದಾಗ ವಿಡಿಯೋ ನೋಡಿ ನೋಡಿ, ಗುಜರಿ ಅಂಗಡ್ಯಾಗ ಸಿಕ್ಕ ಹಳೇ ಡಿವಿಆರ್ ಬಿಚ್ಚಿ ಬಿಚ್ಚಿ ಕಲ್ತಂವ. ಡಿವಿಆರ್ ಅಂದ್ರ ಎಲ್ಲಾ ಕ್ಯಾಮೆರಾದ ಚಿತ್ರ ರೆಕಾರ್ಡ್ ಆಗೋ ಡಬ್ಬಿ. ಅದರ ಒಳಗ ಕೈ ಹಾಕಿದ್ರ ನಂಗ ಊಟ ನಿದ್ದಿ ನೆನಪಿರಂಗಿಲ್ಲ, ಅಷ್ಟು ಹುಚ್ಚು. ಆ ಹುಚ್ಚಿನಾಗ ಒಂದು ತಪ್ಪು ಮಾಡ್ದೆ. ನನ್ನ ಕೈಯಾಗಿನ ಕ್ಯಾಮೆರಾ ಇದ್ದ ಜಾಗ ಅಂದ್ರ ಸೇಫ್ ಜಾಗ ಅಂತ ತಿಳ್ಕೊಂಡಿದ್ದೆ.

ಹೋದ ವರ್ಷ ದೀಪಾವಳಿ ಮುಂದ ಮುಂಬೈ ಹತ್ರ ಡೊಂಬಿವಲಿ ಎಂಐಡಿಸಿ ಕಡೆ, ಅಂದ್ರ ಫ್ಯಾಕ್ಟರಿ ಏರಿಯಾದಾಗ, ಒಂದು ಪಾಳಣಾಘರ್‌ದಾಗ ಕೆಲಸ ಸಿಕ್ತು. ಕೆಲಸಕ್ಕ ಹೋಗೋರು ಹಗಲೆಲ್ಲಾ ಕೂಸು ಬಿಡೋ ಜಾಗಕ್ಕ ಇಲ್ಲಿ ಎಲ್ಲಾರೂ ಮರಾಠಿ ಹೆಸರ್ಲೇ ಪಾಳಣಾಘರ್ ಅಂತಾರ. ಎರಡನೇ ಮಜಲಿ ಮ್ಯಾಲ ಒಂದು ಫ್ಲಾಟ್. ನಡಸೋರು ಉಡುಪಿ ಕಡೆ ಆಂಟಿ, ಪಕ್ಕದ ಬಿಲ್ಡಿಂಗಿನಾಗ ಅವರ ಮನಿ. ಕೈಕೆಲಸಕ್ಕ ಒಬ್ಬಾಕಿ ಮಾವಶಿ. ಹುಡ್ರು ಹನ್ನೊಂದು, ಎಲ್ಲಾ ಮೂರು ವರ್ಷದ ಒಳಗಿನವು. ಶಾಲಿ ಬಿಟ್ಟ ಮ್ಯಾಲ ಇನ್ನೂ ನಾಕು ಹುಡ್ರು ವ್ಯಾನ್‌ನಾಗ ಬರ್ತಿದ್ವು.

ಮೊದಲನೇ ದಿನ ಬೆಲ್ ಒತ್ತಿದೆ. ಮಾವಶಿ ಬಾಗಲಾ ತೆಗ್ದು, ನನ್ನ ಹೆಗಲ ಮ್ಯಾಗಿನ ವಾಯರ್ ಬಂಡಲ್ ನೋಡಿ, “ಕ್ಯಾಮೆರಾವಾಲಾ? ಯಾ ಯಾ” ಅಂತ ಒಳಗ ಕರದು ಹಾಲು ಕಾಸ್ಲಿಕ್ಕೆ ಹೋದ್ಲು. ಹೆಸರು ಕೇಳ್ಲಿಲ್ಲ. ಯಾರು ಕಳಿಸ್ಯಾರ ಕೇಳ್ಲಿಲ್ಲ. ರೂಮಿನಾಗ ಹನ್ನೊಂದು ಕೂಸು, ನಾನು, ಒಂದು ಡ್ರಿಲ್ ಮಷೀನು. ಒಂದು ಕೂಸು ಬಂದು ಡ್ರಿಲ್ಲಿನ ವಾಯರ್ ಬಾಯಾಗ ಇಟ್ಕೊಂತು, ಬಿಡಿಸ್ದೆ, ಮತ್ತ ಇಟ್ಕೊಂತು. ಅವತ್ತು ನಂಗ ಏನನಿಸ್ತು ಗೊತ್ತೇನು? ಎಷ್ಟು ನಂಬತಾರ ಈ ಮಂದಿ, ಎಷ್ಟು ಛಲೋ ಮಂದಿ ಅನಿಸ್ತು.

ನಾಕು ಕ್ಯಾಮೆರಾ ಹಾಕ್ದೆ. ಹಾಲ್‌ಗೆ ಒಂದು, ಮಲಗೋ ರೂಮಿಗೆ ಒಂದು, ಅಡಿಗಿಮನಿ ಬಾಗಲಕ ಒಂದು, ಚಪ್ಪಲ್ ಸ್ಟ್ಯಾಂಡಿನ ಹತ್ರ ಒಂದು. ಟಿವಿ ಎಲ್ಲಿ ಹಾಕ್ಲಿ ಅಂದ್ರ ಆಂಟಿ, “ಚಪ್ಪಲ್ ಸ್ಟ್ಯಾಂಡಿನ ಮೇಲೆ ಹಾಕು ಮಾರಾಯ, ಬರುವವರಿಗೆ ಮೊದಲು ಅದೇ ಕಾಣ್ಬೇಕು” ಅಂದ್ರು. ಹಂಗ ಮಾಡ್ದೆ. ಅವ್ವ ಅಪ್ಪಂದಿರು ಬರ್ತಿದ್ರು, ಟಿವಿ ನೋಡ್ತಿದ್ರು, ಮೊಬೈಲ್‌ದಾಗ ಆ್ಯಪ್ ಹಾಕಿಸ್ಕೋತಿದ್ರು, ಕೂಸು ಕೊಟ್ಟು ಸ್ಟೇಷನ್ನಿಗೆ ಓಡ್ತಿದ್ರು. ಇನ್‌ಫೆಕ್ಷನ್ ಆಗ್ತದ ಅಂತ ಆಂಟಿ ಹೊರಗಿನವರ್ನ ಚಪ್ಪಲ್ ಸ್ಟ್ಯಾಂಡ್ ದಾಟಿ ಬಿಡ್ತಿರ್ಲಿಲ್ಲ. ನಾ ಮಾತ್ರ ಬೂಟ್ ಹಾಕ್ಕೊಂಡು ಅವರ ಹಾಸಿಗಿ ಪಕ್ಕ ಸ್ಟೂಲ್ ಹತ್ತಿದ್ದೆ.

ಕೆಳಗ ಗೇಟಿಗೆ ಬೋರ್ಡ್ ಬಂತು. ಸಿಸಿಟಿವಿ ಅದ ಅನ್ನೋದು ಪಾಳಣಾಘರ್‌ದ ಹೆಸರಿಗಿಂತ ದೊಡ್ಡ ಅಕ್ಷರದಾಗ ಇತ್ತು. ನಾ ಅದರ ಫೋಟೋ ಹೊಡ್ದು ಸ್ಟೇಟಸ್ ಇಟ್ಟಿದ್ದೆ.

ಎರಡು ತಿಂಗಳಿಗೆ ನಮ್ಮಕ್ಕಗ ಎಂಐಡಿಸಿದಾಗ ಔಷಧಿ ಪ್ಯಾಕಿಂಗ್ ಕಂಪನ್ಯಾಗ ಕೆಲಸ ಸಿಕ್ತು. ನಾವಿರೋದು ಠಾಣಾ ಪಟ್ಟಣದ ಹತ್ರ ಕಳವಾ ಅನ್ನೋ ಊರಾಗ, ಒಂದ ರೂಮು. ಅವ್ವ ಠಾಣಾದ ಒಂದು ಹೋಟೆಲ್ ಅಡಿಗಿಮನ್ಯಾಗ, ಅಕ್ಕನ ಗಂಡ ನವಿ ಮುಂಬೈ ಸೈಟಿನ ಮ್ಯಾಲ. ಅಕ್ಕನ ಮಗಳಿಗೆ ಹದಿನಾಕು ತಿಂಗಳು, ಗ್ವಾಡಿ ಹಿಡ್ಕೊಂಡು ನಡೀಲಿಕ್ಕೆ ಕಲೀಲಿಕತ್ತಿತ್ತು. ಎಲ್ಲಿ ಬಿಡೋದು?

“ನಿನ್ನ ಆ ಆಂಟಿ ಕನ್ನಡ ಮಾತಾಡ್ತಾರೇನು?” ಅಕ್ಕ ಕೇಳಿದ್ಲು.

“ಮಾತಾಡ್ತಾರ.”

“ತತ್ತಿ ಗಿತ್ತಿ ತಿನಿಸಂಗಿಲ್ಲಲಾ?”

“ಪಕ್ಕಾ ವೆಜ್. ಬಿಸಿ ಗಂಜಿ, ಮ್ಯಾಲ ತುಪ್ಪ.”

“ಕ್ಯಾಮೆರಾ?”

“ನಾನೇ ಹಾಕೀನಲ್ಲೇ! ಕಣ್ಣು ಮುಚ್ಚಿ ಇಡು.”

ನೋಡ್ರಿ, ಮೂರು ಪ್ರಶ್ನಿ. ನಮ್ಮ ಮಂದಿ ಎಲ್ಲಾರೂ ಇದ ಮೂರು ಕೇಳ್ತಾರ. ಮಾತು ಯಾವುದು, ಊಟ ಯಾವುದು, ಕ್ಯಾಮೆರಾ ಅದ ಇಲ್ಲ. ಹನ್ನೊಂದು ಹುಡ್ರಿಗೆ ಎಷ್ಟು ಮಂದಿ ದೊಡ್ಡೋರು ಅಂತ ಅಕ್ಕ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ಕಣ್ಣಾರೆ ನೋಡಿದ್ದೆ, ಆದ್ರ ಅದು ಲೆಕ್ಕಕ್ಕ ಇಡೋ ಸಂಗತಿ ಅಂತ ತಲಿಗೇ ಹೊಳೀಲಿಲ್ಲ.

ಎರಡು ತಿಂಗಳು ಛಲೋ ನಡೀತು. ಬೆಳಿಗ್ಗೆ ಮುಂಬೈ ಗದ್ದಲಕ್ಕ ಉಲ್ಟಾ ದಿಕ್ಕಿನ ಲೋಕಲ್ ಟ್ರೇನು, ಅಕ್ಕಗ ಕೂಡ್ಲಿಕ್ಕೆ ಜಾಗ ಸಿಗ್ತಿತ್ತು. ಕಂಪನಿ ಗೇಟಿನಾಗ ಮೊಬೈಲ್ ಜಮಾ ಮಾಡಬೇಕು, ಒಂದು ಗಂಟೆಗೆ ಊಟದ ಡಬ್ಬಿ ಬಿಚ್ಚೋ ಹೊತ್ತಿಗೆ ವಾಪಸ್ ಕೊಡ್ತಾರ. ಆಗ ಅಕ್ಕ ಆ್ಯಪ್ ತೆಗೀತಿದ್ಲು. ಆಂಟಿ ಒಂದು ಕಡೆ, ಮಾವಶಿ ಒಂದು ಕಡೆ ಕುಂತು ಗಂಜಿ ತಿನಿಸೋದು ಕಾಣ್ತಿತ್ತು. “ಎಷ್ಟು ಪ್ರೀತಿ ಮಾಡ್ತಾರೋ” ಅಂತ ನಂಗ ಫೋನ್ ಮಾಡಿ ಹೇಳ್ತಿದ್ಲು.

ಆಮ್ಯಾಲ ಕಂಪ್ಲೇಂಟ್ ಶುರು. ಒಂದು ಗಂಟೆಗೆ ಆ್ಯಪ್ ಹ್ಯಾಂಗ್ ಆಗ್ತದ, ಸಕ್ಕರಿ ಪಾಕ ಅಂಟಿದಂಗ ನಿಂತುಬಿಡ್ತದ. ಪಾಲಕರ ವಾಟ್ಸಾಪ್ ಗ್ರೂಪಿನಾಗ ಜಗಳಾನೇ ಜಗಳ. ಆಂಟಿ ಫೋನ್ ಮಾಡಿದ್ರು. ಶನಿವಾರ ಹುಡ್ರು ಬೇಗ ಹೋಗ್ತಾವ, ಮಧ್ಯಾಹ್ನ ಹೋದೆ.

ಮೊದ್ಲು ಕನೆಕ್ಟರ್ ನೋಡ್ದೆ, ಗಟ್ಟಿ ಇದ್ವು. ಪವರ್ ಸಪ್ಲೈ ನೋಡ್ದೆ, ಸರಿ ಇತ್ತು. ಇಂಟರ್ನೆಟ್ಟಿನ ಸ್ಪೀಡ್ ಅಳದೆ. ಬರೋದು ಬೆಂಕಿ, ಹೋಗೋದು ಆಮೆ. ಕ್ಯಾಮೆರಾದ ಚಿತ್ರ ಹೊರಗ ಹೋಗಬೇಕಲ್ಲ, ಅಲ್ಲೇ ಅದ ರೋಗ. ಮೊಬೈಲಿಗೆ ಹೋಗೋ ಚಿತ್ರ ಸಣ್ಣದು ಮಾಡ್ದೆ. ಖರೇ ರೋಗ ಎಷ್ಟು ದೊಡ್ಡದು ನೋಡೋಣಂತ ಡಿವಿಆರ್‌ದ ಲಾಗ್ ತೆಗ್ದೆ, ಯಾರು ಯಾವಾಗ ನೋಡ್ಯಾರ ಅನ್ನೋ ಪಟ್ಟಿ. ಸೋಮವಾರ, ಒಂದರಿಂದ ಎರಡು. ಮಂಗಳವಾರ, ಒಂದರಿಂದ ಎರಡು. ಬುಧವಾರ ಹಂಗ. ಎಲ್ಲಾ ಅವ್ವ ಅಪ್ಪ ಒಂದ ತಾಸಿನಾಗ ನೋಡ್ತಾರ. ಉಳಿದ ಒಂಬತ್ತು ತಾಸು ಒಬ್ಬರೂ ನೋಡಂಗಿಲ್ಲ. ನಂಗ ಮಜಾ ಅನಿಸಿ ನಕ್ಕೆ.

ಆಮ್ಯಾಲ ರೆಕಾರ್ಡಿಂಗ್‌ನಾಗ ಎಲ್ಲರೇ ಕಟ್ ಅದ ಏನು ಅಂತ ಗುರುವಾರದ್ದು ಓಡಿಸಿ ನೋಡ್ದೆ. ಗಿರಾಕಿ ರೆಕಾರ್ಡಿಂಗ್ ಸುಮ್ಮಸುಮ್ಮನೆ ನೋಡಬಾರದು, ಅದು ನಮ್ಮ ಧಂದಾದ ನಿಯಮ. ಕಟ್ ಹುಡುಕ್ಲಿಕ್ಕೆ ಓಡಿಸಿ ಓಡಿಸಿ ನೋಡ್ತೀವಿ, ಅಷ್ಟ. ಹನ್ನೆರಡು ಹತ್ತಕ್ಕ ಮಲಗೋ ರೂಮಿನ ಚಿತ್ರ ನಿಂತುಬಿಟ್ಟಿತ್ತು. ಏನೂ ಅಲ್ಲಾಡ್ಲಿಲ್ಲ. ಸಿಕ್ತು, ಇಲ್ಲೇ ಹ್ಯಾಂಗ್ ಆಗ್ಯದ ಅಂದ್ಕೊಂಡೆ. ಮೂಲ್ಯಾಗಿನ ಟೈಮ್ ನೋಡ್ದೆ. ಸೆಕೆಂಡ್ ಓಡ್ಲಿಕತ್ತಿದ್ವು.

ಮಷೀನ್ ನಿಂತಿರ್ಲಿಲ್ಲ. ಹುಡ್ರೆಲ್ಲಾ ಮಲಗಿದ್ವು, ರೂಮಿನಾಗ ಅಲ್ಲಾಡೋ ದೊಡ್ಡ ಮನಷ್ಯಾ ಇರ್ಲಿಲ್ಲ.

ಹಾಲ್ ನೋಡ್ದೆ, ಯಾರಿಲ್ಲ. ಅಡಿಗಿಮನಿ, ಯಾರಿಲ್ಲ. ಚಪ್ಪಲ್ ಸ್ಟ್ಯಾಂಡ್ ಕ್ಯಾಮೆರಾ ಹಿಂದಕ್ಕ ಓಡಿಸ್ದೆ. ಮಾವಶಿ ಚಪ್ಪಲ್ ಹಾಕ್ಕೊಂಡು, ಗೂಟದಾಗಿನ ಬೀಗ ತಗೊಂಡು, ಹೊರಗ ಹೋಗಿ ಬಾಗಲಾ ಎಳಕೊಂಡ್ಲು. ಮತ್ತ ಮುಂದಕ್ಕ ಬಂದೆ. ಹನ್ನೆರಡು ಹದಿನೆಂಟಕ್ಕ ಒಂದು ಕೂಸು ಎದ್ದು ಕುಂತಿತು. ಹಳದಿ ಅಂಗಿ. ಆ ಅಂಗಿ ನಾನೇ ತಂದುಕೊಟ್ಟಿದ್ದೆ. ಗ್ವಾಡಿ ಹಿಡ್ಕೊಂಡು ಹಿಡ್ಕೊಂಡು ಹಾಲ್‌ಗೆ ಬಂತು, ಬಾಗಲಕ ಎರಡೂ ಕೈ ಹಚ್ಚಿ ಬಡೀತು. ಬಾಯಿ ತೆರದಿತ್ತು. ನಾ ಹಾಕಿದ್ದು ದನಿ ಬರೋ ಕ್ಯಾಮೆರಾ ಅಲ್ಲ. ಹನ್ನೆರಡು ಮೂವತ್ತಾರಕ್ಕ ಬಾಗಲಾ ತೆರೀತು, ಮಾವಶಿ ಜೋಡಿ ಶಾಲಿ ಹುಡ್ರು ನಾಕು. ಬುಧವಾರ ನೋಡ್ದೆ, ಮಂಗಳವಾರ ನೋಡ್ದೆ. ದಿನಾ ಅದ, ಇಪ್ಪತ್ತು ಇಪ್ಪತ್ತೈದು ನಿಮಿಷ.

ಆಂಟಿ ಚಾ ತಂದ್ರು. ನಾ ಚಾ ಮುಟ್ಟಲಿಲ್ಲ.

“ಆಂಟಿ, ಹನ್ನೆರಡು ಹತ್ತಕ್ಕ ಇಲ್ಲಿ ಯಾರಿರ್ತಾರ?”

“ಮಾವಶಿ ಇರ್ತಾಳಲ್ಲ ಮಾರಾಯ. ನಾನು ಮನೆಯಲ್ಲಿ ಗಂಜಿ ಬೇಯಿಸಿ ತೆಗೊಂಡು ಹನ್ನೆರಡು ಮುಕ್ಕಾಲಕ್ಕೆ ಬರುವುದು.”

“ಮಾವಶಿ ಇಲ್ಲ. ನೋಡ್ರಿ.”

ನೋಡಿದ್ರು. ಬೆಚ್ಚಿಬೀಳ್ತಾರ ಅಂದ್ಕೊಂಡಿದ್ದೆ. ಬೆಚ್ಚಲಿಲ್ಲ. “ಹೋ, ಇದಾ! ವ್ಯಾನಿನವ ಮೇಲೆ ಬರುವುದಿಲ್ಲ, ಗೇಟಿಗೆ ಹೋಗಿ ಮಕ್ಕಳನ್ನು ಕರ್ಕೊಂಡು ಬರ್ಬೇಕು. ಹತ್ತು ನಿಮಿಷದ ಕೆಲಸ.”

“ಇಪ್ಪತ್ತಾರು ನಿಮಿಷ ಆಗ್ಯದರಿ.”

“ವ್ಯಾನ್ ಲೇಟಾದ್ರೆ ಅವಳೆಂತ ಮಾಡ್ಲಿಕ್ಕುಂಟು? ಸಣ್ಣವು ಮಲಗಿರ್ತಾವೆ.”

“ಬೀಗ ಯಾಕ್ರಿ ಮತ್ತ?”

“ಬೀಗ ಹಾಕದೆ ಒಂದು ಮಗು ಮೆಟ್ಟಿಲಿಗೆ ಹೋದ್ರೆ? ಸೇಫ್ಟಿಗೇ ಹಾಕುವುದು!”

ಕಿಟಕಿಗೆಲ್ಲಾ ಗ್ರಿಲ್. ಸುತ್ತ ಕೆಮಿಕಲ್ ಫ್ಯಾಕ್ಟರಿ. ವಾಸನಿ ಬಂದ್ರ ಎಂಐಡಿಸಿ ಮಂದಿ ಕಿಟಕಿ ಹಾಕ್ಕೊಂಡು ಸುಮ್ಮ ಕುಂದರ್ತಾರ, ಅದೂ ರೂಢಿ ಆಗ್ಯದ. ನಾಳೆ ಏನರೇ ಆದ್ರ ಆ ಬಾಗಲಾ ಯಾರು ತೆಗೀಬೇಕು? ಕೇಳ್ದೆ. ಆಂಟಿ ಮುಖ ಗಟ್ಟಿ ಆತು.

“ನೋಡು, ನಿನ್ನನ್ನು ಕರೆದದ್ದು ಒಂದು ಗಂಟೆಯದ್ದು ಸರಿ ಮಾಡ್ಲಿಕ್ಕೆ. ಹನ್ನೆರಡು ಹತ್ತರದ್ದು ಯಾರೂ ಕಂಪ್ಲೇಂಟ್ ಮಾಡಿಲ್ಲ.”

ಈ ಮಾತು ಇವತ್ತಿಗೂ ಮರೀಲಿಕ್ಕೆ ಆಗವಲ್ದು. ಯಾಕಂದ್ರ ಅದು ಖರೇ ಮಾತು. ಯಾರೂ ಮಾಡಿರ್ಲಿಲ್ಲ.

ಚೀಲದಾಗ ಪೆನ್ ಡ್ರೈವ್ ಇತ್ತು. ಎರಡು ನಿಮಿಷದ ಕೆಲಸ. ನಮ್ಮ ಲೈನಿನ ಗೆಳೆಯಗ ಫೋನ್ ಮಾಡ್ದೆ. “ಕಾಪಿ ಹೊಡಿ, ಗ್ರೂಪಿಗೆ ಬಿಡು, ರೀಲ್ ಮಾಡು, ಸಂಜಿಯೊಳಗ ಊರೆಲ್ಲಾ ನೋಡ್ತದ” ಅಂದ. ಕೈ ತುರಿಸ್ತು, ಸುಳ್ಳು ಹೇಳಂಗಿಲ್ಲ. ಆದ್ರ ಅದರಾಗ ಮಂದಿ ಹುಡ್ರು ಅಂಗಿ ಇಲ್ಲದ ಮಲಗ್ಯಾವ, ಒಂದರ ಲಂಗೋಟಿ ಬಿಚ್ಚ್ಯದ. ಅವನ್ನ ಊರೆಲ್ಲಾ ತೋರ್ಸೋದು ಯಾವ ನ್ಯಾಯ? ಮತ್ತ, ಎಲ್ಲಾರೂ ಮತ್ತ ಮೊಬೈಲ್‌ದಾಗ ನೋಡ್ತಾರ, ಅಯ್ಯೋ ಅಂತಾರ, ಅಷ್ಟ. ನೋಡಿ ನೋಡಿನೇ ಹಿಂಗಾಗ್ಯದ. ಪೆನ್ ಡ್ರೈವ್ ಚೀಲದಾಗ ಇಟ್ಟೆ. ಸೋಮವಾರ ಹನ್ನೆರಡು ಹತ್ತಕ್ಕ ಆ ಬಾಗಲ ಮುಂದ ನಾವ ಹೋಗಿ ನಿಲ್ಲೋದು ಅಂತ ನಿರ್ಧಾರ ಮಾಡ್ದೆ.

ಮನಿಗೆ ಬಂದು ಅಕ್ಕಗ ಹೇಳ್ದೆ. ಅಕಿ ರೊಟ್ಟಿ ಬಡಿಯೋದು ನಿಲ್ಲಿಸಿದ್ಲು.

“ನಮ್ಮ ಕೂಸು?”

“ಹ್ಞೂಂ.”

“ಬಾಗಲಾ ಬಡೀತಿತ್ತು?”

“ಹ್ಞೂಂ ಅಕ್ಕ.”

“ಕಣ್ಣು ಮುಚ್ಚಿ ಇಡು ಅಂದಿದ್ದಿ. ಮುಚ್ಚಿದ್ದೆ ನೋಡಪಾ, ಎಷ್ಟು ಚಂದ ಮುಚ್ಚಿದ್ದೆ.”

ಬೈದಿದ್ರ ಛಲೋ ಇತ್ತು. ಬೈಲಿಲ್ಲ. ಕೂಸಿನ ಕೈ ಹಿಡ್ಕೊಂಡು ಅಂಗೈ ನೋಡ್ಲಿಕತ್ತಿದ್ಲು, ಬಡಿದದ್ದು ಅಲ್ಲಿ ಕಾಣ್ತದೇನೋ ಅನ್ನೋಹಂಗ.

ಗ್ರೂಪಿನ ಮಂದಿಗೆ ಫೋನ್ ಮಾಡಿದ್ಲು. ಒಬ್ಬಾಕಿಗೆ ಮೀಟಿಂಗ್, ಒಬ್ಬಾಕಿಗೆ ರಜಾ ಇಲ್ಲ. “ನಿಮ್ಮ ತಮ್ಮಗ ಆಂಟಿ ಜೋಡಿ ಜಗಳ ಇರಬೇಕು” ಅಂದಾಕಿ ಒಬ್ಬಾಕಿ. ಒಬ್ಬಂವ ಮಾತ್ರ ಬರ್ತೀನಿ ಅಂದ, ರಾತ್ರಿ ಪಾಳಿ ಮಾಡೋ ಹಿಂದಿ ಮಾತಾಡೋ ಅಪ್ಪ.

ಸೋಮವಾರ ಅಕ್ಕ ಅರ್ಧ ದಿನ ರಜಾ ಹಾಕಿ ಕೂಸಿನ್ನ ಬಗಲಾಗ ಎತ್ತಿಕೊಂಡು ಬಂದ್ಲು. ಎರಡನೇ ಮಜಲಿಗೆ ಮುಟ್ಟೋ ಹೊತ್ತಿಗೆ ಹನ್ನೆರಡು ಗಂಟೆ ಹನ್ನೆರಡು ನಿಮಿಷ. ಬಾಗಲಕ ಹೊರಗ ಬೀಗ, ನನ್ನ ಮುಷ್ಟಿಯಷ್ಟು. ಅವತ್ತು ಕೆಟ್ಟ ವಾಸನಿ ಬೇರೆ, ಕೊಳೆತ ತತ್ತಿ ಥರಾ. ಬೆಲ್ ಒತ್ತಿದೆ. ಒಳಗ ಒಂದು ಕೂಸು ಎದ್ದು ಅಳ್ಲಿಕ್ಕೆ ಶುರು ಮಾಡ್ತು. ಅದರ ದನಿಗೆ ಇನ್ನೊಂದು. ಕ್ಯಾಮೆರಾದಾಗ ಬಾಯಿ ಅಷ್ಟ ಕಂಡಿತ್ತು, ಈಗ ದನಿ ಕೇಳ್ತು. ಬಾಗಲ ಕೆಳಗಿನ ಸಂದ್ಯಾಗ ನಾಕು ಸಣ್ಣ ಬೆರಳು ಹೊರಗ ಬಂದ್ವು.

ಆ ಅಪ್ಪ ಕೆಳಗ ಕುಂತ. ಬೆರಳು ಮುಟ್ಟಿ, “ಬೇಟಾ, ಪಾಪಾ ಹೈ, ಪಾಪಾ ಹೈ” ಅಂತ ಹೇಳ್ಲಿಕತ್ತ. ಒಳಗಿಂದು ಅವನ ಮಗನೋ ಬ್ಯಾರೆ ಕೂಸೋ ಅವಗೂ ಗೊತ್ತಿಲ್ಲ. ಪಕ್ಕದ ಮನಿಯವರ್ನ ಕೇಳಿದ್ವಿ, ಅವರ ಹತ್ರ ಚಾವಿ ಇಲ್ಲ. “ದಿನಾ ಅಳ್ತಾವ್ರಿ, ನಮಗ ರೂಢಿ ಆಗ್ಯದ” ಅಂತ ಮರಾಠ್ಯಾಗ ಹೇಳಿ ಒಳಗ ಹೋದ್ರು.

ಹನ್ನೆರಡು ಮೂವತ್ತೊಂದಕ್ಕ ಮಾವಶಿ ನಾಕು ಹುಡ್ರು, ನಾಕು ಚೀಲ ಹೊತ್ಕೊಂಡು ತೇಕ್ಕೋತ ಬಂದ್ಲು. ನಮ್ಮನ್ನ ನೋಡಿ ಸೆರಗಿನ ಗಂಟಿನಾಗಿನ ಚಾವಿ ಬಿಚ್ಚಲಿಕ್ಕೆ ಬರವಲ್ದು, ಕಡೀಕ ಹಲ್ಲಿಲೆ ಬಿಚ್ಚಿ ಬಾಗಲಾ ತೆಗದ್ಲು. “ಗಾಡಿ ಲೇಟ್ ಝಾಲಿ, ಗಾಡಿ ಲೇಟ್ ಝಾಲಿ” ಅಂತ ವ್ಯಾನಿನ ಸಂಗತಿನೇ ಹೇಳ್ತಿದ್ಲು. ಅಕಿ ಮ್ಯಾಲ ನಂಗ ಸಿಟ್ಟು ಬರ್ಲಿಲ್ಲ. ಹದಿನೈದು ಹುಡ್ರು, ಎರಡು ಮಜಲಿ, ಎರಡ ಕೈ. ಅಕಿ ಏನು ಮಾಡ್ಯಾಳು?

ಅಷ್ಟರಾಗ ಆಂಟಿ ಗಂಜಿ ಪಾತೇಲಿ ತಗೊಂಡು ಮ್ಯಾಲ ಬಂದ್ರು.

“ಎಂತ ಇದು, ಎಲ್ಲರೂ ಗುಂಪು ಕಟ್ಟಿಕೊಂಡು? ನಾನು ನಿಮ್ಮ ಮಕ್ಕಳಿಗೆ ಹೊಡಿತೇನಾ? ಉಪವಾಸ ಇಡ್ತೇನಾ? ಕ್ಯಾಮೆರಾ ಹಾಕಿಸಿದ್ದೇನೆ, ಯಾವಾಗ ಬೇಕಾದ್ರೂ ನೋಡಿ ಅಂತ ಹೇಳಿದ್ದೇನೆ. ಇನ್ನೆಂತ ಮಾಡ್ಬೇಕು?”

ಅಕ್ಕ ದನಿ ಏರಿಸ್ಲಿಲ್ಲ. “ಅಕ್ಕಾರ, ನಿಮ್ಮ ಗಂಜಿಗೆ ನಾ ಏನೂ ಅನ್ನಂಗಿಲ್ಲ. ನಮ್ಮ ಕೂಸು ಮನ್ಯಾಗ ಅಷ್ಟು ಉಣ್ಣಂಗಿಲ್ಲ. ಆದ್ರ ನಾಳೆ ಏನರೇ ಆದ್ರ ನಿಮ್ಮ ಕ್ಯಾಮೆರಾ ಕೆಳಗ ಇಳ್ದು ಬಂದು ಇವನ್ನ ಎತ್ತಿಕೊಂಡು ಓಡ್ತದೇನ್ರಿ?”

ಆಂಟಿ ಪಾತೇಲಿ ಕೆಳಗಿಟ್ಟು ನಿಂತ್ರು. ಆಂಟಿಗೂ ಕಣ್ಣಾಗ ನೀರು ಬಂತು, ಅದೂ ಖರೇ. ಕೆಟ್ಟ ಹೆಂಗಸಲ್ಲ ಅವ್ರು. ಹಂಗಂತ ನನ್ನ ಸಿಟ್ಟು ಕಡಿಮಿ ಆಗಂಗಿಲ್ಲ. ಗಂಜಿಗೆ ತುಪ್ಪ ಹಾಕೋರಿಗೆ ಇಪ್ಪತ್ತೈದು ನಿಮಿಷಕ್ಕ ಒಬ್ಬ ಮನಷ್ಯಾನ್ನ ಇಡೋದು ಯಾಕ ಹೊಳೀಲಿಲ್ಲ?

ಅದಕ್ಕಿಂತ ಸಿಟ್ಟು ಬಂದಿದ್ದು ಗ್ರೂಪಿನ ಮ್ಯಾಲ. ಆ ಅಪ್ಪ ಬೀಗದ ಫೋಟೋ ಹಾಕಿದ. ನಾ ಸಂದ್ಯಾಗ ಬಂದ ಬೆರಳಿನ ಮಾತು ಬರದೆ. ಆಮ್ಯಾಲ ಒಬ್ಬಾಕಿ, ಇದು ಬಂದಾದ್ರ ನಾವೆಲ್ಲಿ ಬಿಡ್ಬೇಕು ಅಂದ್ಲು. ಅದು ಖರೇ ಪ್ರಶ್ನಿ, ಅದಕ್ಕ ನನ್ನ ಹತ್ರ ಉತ್ತರ ಇಲ್ಲ. ಆದ್ರ ಇನ್ನೊಬ್ಬಾಕಿ, “ಭೈಯಾ, ಆಪ್ ಬಸ್ ಕ್ಯಾಮೆರಾ ಠೀಕ್ ಕರೋ ನಾ” ಅಂದ್ಲು, ನೀ ಕ್ಯಾಮೆರಾ ಅಷ್ಟ ಸರಿ ಮಾಡು ಅಂತ. ಬೆರಳಿನ ಮಾತು ಹೇಳಿ ಇನ್ನೂ ಅರ್ಧ ತಾಸು ಆಗಿರ್ಲಿಲ್ಲ! ಎಲ್ಲಾರೂ ಒಂದ ಗಂಟೆಗೆ ನೋಡಬ್ಯಾಡ್ರಿ, ಹೊತ್ತು ಹಂಚ್ಕೊಳ್ಳಿ, ಆ್ಯಪ್ ಹ್ಯಾಂಗ್ ಸೈತ ಆಗಂಗಿಲ್ಲ, ದಿನವೆಲ್ಲಾ ಒಬ್ಬರರೇ ನೋಡಿದಂಗ ಆಗ್ತದ ಅಂತ ಟೈಮಿನ ಪಟ್ಟಿ ಮಾಡಿ ಹಾಕ್ದೆ. ಇಬ್ಬರು ಹೆಬ್ಬಟ್ಟು ತೋರಿಸಿದ್ರು. ಉಳಿದೋರು ಓದಿ ಬಿಟ್ರು.

ಅಕ್ಕ ಅವತ್ತ ಕೂಸಿನ್ನ ಬಿಡಿಸ್ಕೊಂಡ್ಲು. ಅವ್ವ ಮೂರು ವಾರ ಹೋಟೆಲ್ ಕೆಲಸ ಬಿಟ್ಟು ಮನ್ಯಾಗ ಕುಂತ್ಲು. ಆ ಮೂರು ವಾರ ನಾನೂ ಅಕ್ಕನೂ ರಜಾ ಸಿಕ್ಕಾಗೆಲ್ಲಾ ತಿರಗಿದ್ವಿ. ಕಳವಾ ಊರಾಗ ಒಂದು ಕಡೆ ಗ್ವಾಡಿ ತುಂಬ ಕಾರ್ಟೂನು, ಒಳಗ ಕತ್ತಲಿ. ಇನ್ನೊಂದು ಕಡೆ ಎಸಿ, ಇಂಗ್ಲಿಷು, ಆದ್ರ ಒಳಗ ಬಿಡಂಗಿಲ್ಲ ಅಂದ್ರು. ಅಕ್ಕ ಚಪ್ಪಲ್ ಸ್ಟ್ಯಾಂಡಿನಿಂದಲೇ ವಾಪಸ್ ತಿರಗಿದ್ಲು.

ಕಡೀಕ ಡೊಂಬಿವಲಿ ಮುಂದಿನ ಠಾಕುರ್ಲಿ ಸ್ಟೇಷನ್ ಹತ್ರ ನೆಲದ ಮಜಲಿ ಮನಿ. ನಡಸೋಕಿ ಮರಾಠಿ ಹೆಂಗಸು, ಎಲ್ಲಾರೂ ‘ಬಾಯಿ’ ಅಂತ ಕರೀತಾರ; ಜೋಡಿಗೆ ಅಕಿ ಸೊಸಿ, ಆರು ಹುಡ್ರು. ಕನ್ನಡ ಬರಂಗಿಲ್ಲ. ಕ್ಯಾಮೆರಾ ಇಲ್ಲ. ಮನ್ಯಾಗ ತತ್ತಿ ಬೇಯಿಸ್ತಾರ. ಅಕ್ಕನ ಮೂರೂ ಪ್ರಶ್ನಿ ಫೇಲ್. ನಾ ನಕ್ಕರ ಅಕ್ಕ ಮೊಳಕೈಲೆ ತಿವಿದ್ಲು. “ಎಷ್ಟು ಹೊತ್ತು ಬೇಕೋ ಕೂಡ್ರಿ” ಅಂತ ಮರಾಠ್ಯಾಗ ಅಂದ್ಲು ಆ ಬಾಯಿ. ಅಕ್ಕ ಹತ್ತರಿಂದ ಎರಡರ ತನಕ ಕುಂತ್ಲು. ಬಾಯಿ ಪ್ಯಾಟಿಗೆ ಹೋದ್ರ ಸೊಸಿ ಇದ್ಲು, ಸೊಸಿ ಬಚ್ಚಲಕ ಹೋದ್ರ ಬಾಯಿ ಇದ್ಲು. ಇನ್ನೊಂದು ಚಾವಿ ಪಕ್ಕದ ಮನ್ಯಾಗ ಇತ್ತು, ಅಕ್ಕ ಹೋಗಿ ಕೇಳಿ ಕಣ್ಣಿಲೆ ನೋಡಿ ಬಂದ್ಲು. ಕೂಸು ಈಗ ಅಲ್ಲಿ ಅದ, ಮರಾಠ್ಯಾಗ ಬೈಲಿಕ್ಕೆ ಕಲ್ತದ.

ಇಲ್ಲಿಗೆ ನನ್ನ ಕೆಲಸ ಮುಗೀಬೇಕಿತ್ತು. ಆದ್ರ ಉಳಿದ ಹನ್ನೊಂದು ಕೂಸು ಅಲ್ಲೇ ಇದ್ವಲ್ಲ.

ಹೋದ ವಾರ ಆಂಟಿ ಫೋನು. “ಮಾರಾಯ, ಒಂದು ಗಂಟೆಗೆ ಪುನಃ ಹ್ಯಾಂಗ್ ಆಗ್ತಾ ಉಂಟು.”

“ಹನ್ನೆರಡು ಹತ್ತಕ್ಕ ಯಾರಿರ್ತಾರ ಆಂಟಿ?”

“ಇನ್ನೊಬ್ಬಳನ್ನು ಇಟ್ಟಿದ್ದೇನೆ. ನಂಬಿಕೆ ಇಲ್ಲದಿದ್ರೆ ಆ್ಯಪಲ್ಲಿ ನೋಡು.”

“ಆ್ಯಪಿನಾಗ ನೋಡಂಗಿಲ್ಲರಿ, ಬರ್ತೀನಿ” ಅಂದೆ. ಯಾವಾಗ ಅಂತ ಹೇಳ್ಲಿಲ್ಲ.

ಬುಧವಾರ ಹನ್ನೆರಡು ಹತ್ತಕ್ಕ ಎರಡನೇ ಮಜಲಿ ಹತ್ತಿದೆ. ಹೆಗಲ ಮ್ಯಾಲ ಅದ ವಾಯರ್ ಬಂಡಲ್, ಕೈಯಾಗ ಅದ ಡ್ರಿಲ್. ಬಾಗಲಕ ಬೀಗ ಇರ್ಲಿಲ್ಲ. ಬೆಲ್ ಒತ್ತಿದೆ. ಒಳಗ ಹೆಜ್ಜಿ ಸಪ್ಪಳ, ಆಮ್ಯಾಲ ಚಿಲಕ ಸರಿದ ಸಪ್ಪಳ, ಒಳಗಿಂದ. ಸರಪಳಿ ಹಾಕ್ಕೊಂಡೇ ನಾಕು ಬೆರಳಷ್ಟು ತೆರೀತು. ಹೊಸಾ ಹುಡುಗಿ, ಬಗಲಾಗ ಒಂದು ಕೂಸು.

“ಕೋಣ್?”

“ಕ್ಯಾಮೆರಾವಾಲಾ.”

ವಾಯರ್ ನೋಡಿದ್ಲು, ಡ್ರಿಲ್ ನೋಡಿದ್ಲು, ನನ್ನ ಮುಖ ನೋಡಿದ್ಲು. ಮ್ಯಾಡಮ್ ಏನೂ ಹೇಳಿಲ್ಲ, ಹುಡ್ರು ಇದ್ದಾಗ ಯಾರನ್ನೂ ಒಳಗ ಬಿಡಂಗಿಲ್ಲ ಅಂದ್ಲು. ಈ ಕ್ಯಾಮೆರಾ ನಾನೇ ಹಾಕೀನಿ ಅಂತ ಹೇಳ್ದೆ. “ಹಾಕಿರಬಹುದು, ಮ್ಯಾಡಮ್ ಬರ್ಲಿ” ಅಂತ ನನ್ನ ಮುಖದ ಮ್ಯಾಲ ಬಾಗಲಾ ಹಾಕಿದ್ಲು.

ಮೆಟ್ಟಲಿನ ಮ್ಯಾಲ ಕುಂತೆ. ಕೆಳಗಿಂದ ಮಾವಶಿ ಶಾಲಿ ಹುಡ್ರನ್ನ ಕರ್ಕೊಂಡು ಹತ್ತಿ ಬರೋ ಸಪ್ಪಳ ಬಂತು, ಈ ಸಲ ತೇಕ್ಲಿಕತ್ತಿರ್ಲಿಲ್ಲ. ಮುಕ್ಕಾಲಕ್ಕ ಆಂಟಿ ಬರೋತನಕ ಅಲ್ಲೇ ಇದ್ದೆ, ಒಳಗ ಯಾರೂ ಬಿಡ್ಲಿಲ್ಲ.